ಅಜ್ಜನ ಮನೆ ಕೆಡವುವ ಮೊದಲು: ಹಳೆ ಮನೆ ದುರಸ್ತಿಗೆ ದುಡ್ಡು ಎಲ್ಲಿದೆ, ಕೆಲಸ ಎಲ್ಲಿಂದ ಶುರು

ಏಪ್ರಿಲ್ ಮುಗಿಯುತ್ತ ಬಂತೆಂದರೆ ನಮ್ಮ ಮಲೆನಾಡಿನಲ್ಲಿ ಹೆಂಚು ಕೈಯಾಡಿಸುವವರಿಗೆ ಎಲ್ಲಿಲ್ಲದ ಬೇಡಿಕೆ. ಅದೇ ಹೊತ್ತಿಗೆ ನನಗೂ ಫೋನು ಬರಲು ಶುರುವಾಗುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಜ್ಜ ಕಟ್ಟಿಸಿದ ಮನೆ. ಒಂದು ಕಡೆ ಗೋಡೆ ಉಬ್ಬಿದೆ. ಪಂಚಾಯಿತಿಯಲ್ಲಿ ಕೇಳಿದರೆ, ಕೆಡವಿ ಹೊಸದು ಕಟ್ಟಿಕೊಳ್ಳಿ, ಸ್ಕೀಮಿಗೆ ಹೆಸರು ಹಾಕ್ತೇವೆ ಅಂತಾರೆ. ಏನು ಮಾಡೋದು ಮಾರಾಯ್ರೇ?"

ನಾನು ಇಂಜಿನಿಯರ್ ಅಲ್ಲ. ನಮ್ಮ ಚೌಕಿ ಮನೆಯನ್ನು ನಾಲ್ಕು ಬೇಸಿಗೆಯಲ್ಲಿ ಒಂದೊಂದೇ ಮಗ್ಗುಲು ರಿಪೇರಿ ಮಾಡಿಸಿ, ಅದರಲ್ಲಿ ಎರಡು ಸಲ ಕೈಸುಟ್ಟುಕೊಂಡವನು. ಆ ಅನುಭವದಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರದ ವಸತಿ ಯೋಜನೆಗಳು ಬಹುಮಟ್ಟಿಗೆ ಹೊಸ ಮನೆಗೆಂದೇ ಇರುವಂಥವು, ಹಳೆ ಮನೆ ಉಳಿಸುವವರಿಗೆ ಒಂದೇ ಕಡೆ ದೊಡ್ಡ ಮೊತ್ತ ಸಿಗುವುದಿಲ್ಲ. ಆದರೆ ಅಲ್ಲಲ್ಲಿ ಸಣ್ಣ ಸಣ್ಣ ಗಂಟುಗಳಿವೆ. ಅವುಗಳನ್ನು ಹುಡುಕಿ ತೆಗೆದು, ಸರಿಯಾದ ಕ್ರಮದಲ್ಲಿ ಖರ್ಚು ಮಾಡಿದರೆ ಬಹಳಷ್ಟು ಮನೆಗಳು ಇನ್ನೊಂದು ತಲೆಮಾರು ನಿಲ್ಲುತ್ತವೆ.

1. ಮೊದಲು ನೀರಿನ ಜಾಡು ಹಿಡಿಯಿರಿ

ದುಡ್ಡಿನ ಲೆಕ್ಕ ಆಮೇಲೆ. ಜೋರು ಮಳೆ ಬರುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ. ಎಲ್ಲಿ ತೊಟ್ಟಿಕ್ಕುತ್ತಿದೆ, ಯಾವ ತೊಲೆ ಒದ್ದೆಯಾಗಿದೆ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆಯೇ ದೂರ ಬೀಳುತ್ತಿದೆಯೇ ನೋಡಿ. ಮಳೆ ನಿಂತ ಮೇಲೆ ಮನೆಯ ಸುತ್ತ ಒಂದು ಸುತ್ತು ಬನ್ನಿ. ಅಂಗಳದ ಮಣ್ಣು ವರ್ಷ ವರ್ಷ ಏರಿ ಜಗಲಿಯ ಮಟ್ಟಕ್ಕೆ ಬಂದಿರುತ್ತದೆ, ಬಚ್ಚಲ ನೀರು ಹಿತ್ತಿಲ ಗೋಡೆಗೇ ಇಂಗುತ್ತಿರುತ್ತದೆ. ಗೋಡೆ ಉಬ್ಬಿದ್ದು ಹಳತಾಯಿತು ಎಂಬ ಕಾರಣಕ್ಕಲ್ಲ, ಬುಡ ನೆನೆದ ಕಾರಣಕ್ಕೆ. ಬಹಳ ಸಲ ಒಂದು ಚರಂಡಿ ತೋಡಿಸಿದರೆ ಅರ್ಧ ರೋಗ ವಾಸಿ.

ಬಯಲುಸೀಮೆಯ, ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳ ಕಥೆ ಬೇರೆ. ಅಲ್ಲಿ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹರಡುವುದು ವಾಡಿಕೆ. ಹಳೆ ಮಣ್ಣನ್ನು ಕೆರೆದು ತೆಗೆಯದೆ ಮೇಲಿಂದ ಮೇಲೆ ಹಾಕುತ್ತ ಹೋದರೆ ಕೆಲವು ದಶಕಗಳಲ್ಲಿ ಜಂತೆಗಳ ಮೇಲೆ ಹೊರಲಾರದ ಭಾರ ಕೂತಿರುತ್ತದೆ. ಮೂರು ದಿನ ಬಿಡದೆ ಮಳೆ ಹಿಡಿದರೆ ಆ ಮಣ್ಣೆಲ್ಲ ನೀರು ಕುಡಿದು, ರಾತ್ರೋರಾತ್ರಿ ಮಾಳಿಗೆ ಕುಸಿಯುತ್ತದೆ. ಇಂಥ ಮನೆಯಲ್ಲಿದ್ದರೆ ಈ ಲೇಖನ ಓದಿ ಮುಗಿಸುವ ಮೊದಲು ಜಂತೆ ಬಾಗಿದೆಯೇ ನೋಡಿಕೊಳ್ಳಿ. ಬಾಗಿದ್ದರೆ ಕೆಳಗೆ ಮರದ ಊರುಗೋಲು ಕೊಟ್ಟು, ಆ ಕೋಣೆಯಲ್ಲಿ ಮಲಗುವುದನ್ನು ನಿಲ್ಲಿಸಿ. ಮಣ್ಣು ಇಳಿಸುವ ಕೆಲಸಕ್ಕೆ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ.

ನೋಡಿದ್ದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ, ಫೋಟೋ ತೆಗೆಯಿರಿ. ಪ್ರತಿ ಕೋಣೆಗೆ ಒಂದು ಪುಟ. ಮುಂದೆ ಬ್ಯಾಂಕಿಗೂ ಮೇಸ್ತ್ರಿಗೂ ಪರಿಹಾರದ ಅರ್ಜಿಗೂ ಇದೇ ಪುಸ್ತಕ ಬೇಕಾಗುತ್ತದೆ.

2. ಮನೆ ಯಾರ ಹೆಸರಲ್ಲಿದೆ?

ಹಳೆ ಮನೆಗೆ ಸಾಲ ಸಿಗದಿರಲು ಗೋಡೆಗಿಂತ ದೊಡ್ಡ ಕಾರಣ ಕಾಗದ. ತೀರಿಕೊಂಡು ಮೂವತ್ತು ವರ್ಷವಾದ ಅಜ್ಜನ ಹೆಸರಲ್ಲೇ ಖಾತೆ ಇರುತ್ತದೆ. ಕಂದಾಯ ಮಾತ್ರ ಮೊಮ್ಮಗ ಕಟ್ಟುತ್ತಿರುತ್ತಾನೆ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಜೋಡಿಸಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸುವುದು ಮೊದಲ ಕೆಲಸ. ಹಳ್ಳಿಯ ಮನೆಯಾದರೆ ಪಂಚಾಯಿತಿಯಲ್ಲಿ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ಆಗಿರಬೇಕು. ಗ್ರಾಮಠಾಣದೊಳಗಿನ, ಅಂದರೆ ಊರಿನ ವಸತಿ ಜಾಗದೊಳಗಿನ, ಮನೆಗೆ ನಮೂನೆ 9 ಮತ್ತು 11ಎ ಕೈಗೆ ಬಂದರೆ ಬ್ಯಾಂಕಿನವರು ಕೂರಿಸಿ ಮಾತಾಡುತ್ತಾರೆ. ಕ್ರಮಬದ್ಧವಾಗದ ಆಸ್ತಿಗೆ ಕೊಡುವ 11ಬಿ ಎಂದರೆ ಹಿಂದೆ ಮುಂದೆ ನೋಡುವುದೇ ಹೆಚ್ಚು. ಗ್ರಾಮಠಾಣದ ಮನೆಗಳಿಗೆ ಪಹಣಿ ಇರುವುದಿಲ್ಲವಲ್ಲ, ಆ ಕೊರತೆ ತುಂಬಲೆಂದೇ 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ತಂದಿತು: ಡ್ರೋನ್ ಹಾರಿಸಿ ಊರೊಳಗಿನ ಆಸ್ತಿಗಳನ್ನು ಅಳೆದು ಆಸ್ತಿ ಕಾರ್ಡು ಕೊಡುವುದು. ನಿಮ್ಮೂರಲ್ಲಿ ಅಳತೆ ಆಗಿದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಮನೆ ಇನ್ನೂ ಅಣ್ಣತಮ್ಮಂದಿರ ಒಟ್ಟು ಆಸ್ತಿಯಾಗಿದ್ದರೆ ಒಂದು ರೂಪಾಯಿ ಹಾಕುವ ಮೊದಲೇ ಬರವಣಿಗೆ ಆಗಲಿ. ಯಾರು ಎಷ್ಟು ಹಾಕುತ್ತಾರೆ, ಮುಂದೆ ಪಾಲಾದರೆ ಆ ದುಡ್ಡು ಹೇಗೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಛಾಪಾ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಬೇಕು. ಅಕ್ಕತಂಗಿಯರನ್ನೂ ಸೇರಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲಿದೆ, ಅವರ ಸಹಿ ಇಲ್ಲದ ಕಾಗದವನ್ನು ಬ್ಯಾಂಕಿನ ವಕೀಲರು ಹಾಗೇ ವಾಪಸ್ ಕಳಿಸುತ್ತಾರೆ. ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ತಮ್ಮ "ನಂದೇನೂ ಅಭ್ಯಂತರ ಇಲ್ಲ ಅಣ್ಣ" ಎಂದು ಫೋನಿನಲ್ಲಿ ಹೇಳಿದ್ದು ಸಾಕಾಗುವುದಿಲ್ಲ.

3. ಗಂಟುಗಳ ಹುಡುಕಾಟ

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಕೇಂದ್ರ ನಿಗದಿ ಮಾಡಿದ ನೆರವು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ರಾಜ್ಯದಲ್ಲಿ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳಿವೆ. ಇವನ್ನು ನಡೆಸುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ. ಹಣ ಬರುವುದು ಕಂತಿನಲ್ಲಿ: ತಳಪಾಯ, ಲಿಂಟಲ್, ಚಾವಣಿ, ಪೂರ್ಣ. ಪ್ರತಿ ಹಂತಕ್ಕೂ ಜಾಗದಲ್ಲೇ ನಿಂತು ಜಿಪಿಎಸ್ ಫೋಟೋ ತೆಗೆಯುತ್ತಾರೆ. ಆ ಕಂತುಗಳ ಹೆಸರಲ್ಲೇ ಉತ್ತರವಿದೆ: ತಳಪಾಯದಿಂದ ಶುರುವಾಗದ ಕೆಲಸಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಕಚ್ಚಾ, ಪಕ್ಕಾ ಎಂಬ ವಿಂಗಡಣೆಯೂ ತಮಾಷೆಯದು. ಆವಾಸ್ ಯೋಜನೆಯ ಗ್ರಾಮೀಣ ವಿಭಾಗಕ್ಕೆ ಬುನಾದಿಯಾದ 2011ರ ಸಾಮಾಜಿಕ, ಆರ್ಥಿಕ ಹಾಗೂ ಜಾತಿ ಗಣತಿಯಲ್ಲಿ ಕೈಯಲ್ಲಿ ಮಾಡಿದ ನಾಡಹೆಂಚಿನ ಸೂರು ಕಚ್ಚಾ, ಕಾರ್ಖಾನೆಯ ಮಂಗಳೂರು ಹೆಂಚಿನದು ಪಕ್ಕಾ. ನಿಮ್ಮ ತಾತ ಒಳ್ಳೆ ಹೆಂಚು ಹೊದಿಸಿದ್ದೇ ಈಗ ಅರ್ಹತೆಗೆ ಅಡ್ಡ ಬರಬಹುದು!

ಹಾಗಾದರೆ ಈ ಯೋಜನೆಗಳನ್ನು ಬಿಟ್ಟೇಬಿಡಬೇಕೇ? ಇಲ್ಲ. ಒಂದು ಅಂಕಣದ ಮಣ್ಣಿನ ಗುಡಿಸಲು, ಗೋಡೆ ಪೂರ್ತಿ ಸೀಳಿದೆ, ಕೂಲಿಯ ಮೇಲೆ ಬದುಕು ಎಂದಿದ್ದರೆ ಹೊಸ ಮನೆಯೇ ಸರಿ. ಹಿತ್ತಿಲಲ್ಲಿ ನಿಮ್ಮದೇ ಹೆಸರಿನ ಜಾಗವಿದ್ದರೆ ಹೊಸದನ್ನು ಅಲ್ಲಿ ಕಟ್ಟಿ, ಹಳೆಯದನ್ನು ನಿಧಾನಕ್ಕೆ ನೋಡಿಕೊಳ್ಳಬಹುದೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಮೊದಲೇ ಕೇಳಿ. ನಾನು ಬೇಡ ಎನ್ನುವುದು ಒಂದೇ ಒಂದು: ಎರಡಡಿ ದಪ್ಪದ ಗೋಡೆ, ಹಲಸಿನ ತೊಲೆ ಇರುವ ಗಟ್ಟಿ ಮನೆಯನ್ನು ಮೊದಲ ಕಂತಿನ ಆಸೆಗೆ ಕೆಡವಿಕೊಳ್ಳುವುದು. ಆ ಮೊತ್ತದಲ್ಲಿ ಹೊಸ ಮನೆ ಪೂರ್ತಿಯಾಗುವುದಿಲ್ಲ. ಲಿಂಟಲ್ ಮಟ್ಟಕ್ಕೆ ನಿಂತು ಪಾಚಿ ಹಿಡಿದ ಗೋಡೆಗಳು ಪ್ರತಿ ಊರಲ್ಲೂ ಇವೆ.

ಪಟ್ಟಣದವರಿಗೆ 2024ರಲ್ಲಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಸುತ್ತು ಬಂದಿದೆ. ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವ ಬಡ ಕುಟುಂಬಕ್ಕೆ ಕೇಂದ್ರದ ಪಾಲು 1.50 ಲಕ್ಷ. ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿದ್ದು ಮನೆಸಾಲ ಮಾಡುವವರಿಗೆ ಬಡ್ಡಿ ಸಹಾಯಧನವೂ ಇದೆ, ಗರಿಷ್ಠ 1.80 ಲಕ್ಷ, ಐದು ಕಂತಿನಲ್ಲಿ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಕೂಡದು ಎಂಬ ಷರತ್ತು ಎರಡಕ್ಕೂ ಅನ್ವಯ.

ಇನ್ನು ದುರಸ್ತಿಗೇ ಸಿಗುವ ದುಡ್ಡು.

ಮಳೆಗೆ ಬಿದ್ದದ್ದಾದರೆ ಪ್ರಕೃತಿ ವಿಕೋಪದ ಪರಿಹಾರ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಹಾಕಿಕೊಟ್ಟ 2022–26ರ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ (ಗುಡ್ಡಗಾಡಿನಲ್ಲಿ 1.30 ಲಕ್ಷ), ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಮನೆಗೆ ಹೊಂದಿದ ಕೊಟ್ಟಿಗೆಗೆ 3,000 ರೂಪಾಯಿ. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ತನ್ನದೂ ಸೇರಿಸಿದ್ದುಂಟು. ಮೊತ್ತ ನೋಡಿ ನಗು ಬರುತ್ತದೆ, ನಿಜ. ಆದರೆ 6,500ಕ್ಕೆ ಒಂದು ಮಗ್ಗುಲಿನ ರೀಪು (ಹೆಂಚು ಕೂರುವ ಮರದ ಪಟ್ಟಿ) ಬದಲಾಗುತ್ತದೆ, ಬಿಡಬೇಡಿ. ಗೋಡೆ ಬಿದ್ದ ದಿನವೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ಪರಿಶೀಲನೆಗೆ ಬರುವವರೆಗೆ ಬಿದ್ದ ಮಣ್ಣು ಎತ್ತಬೇಡಿ. ನಾವು ಅತಿ ಶಿಸ್ತಿನವರಾಗಿ ಎರಡೇ ದಿನದಲ್ಲಿ ಅಂಗಳ ಗುಡಿಸಿಟ್ಟಿದ್ದೆವು. ಬಂದವರು ಸುತ್ತ ನೋಡಿ "ಎಲ್ಲಿ ಬಿದ್ದಿದೆ?" ಎಂದು ಕೇಳಿ ಹೋದರು.

ಸಂಬಳದಾರರಿಗೆ ಭವಿಷ್ಯ ನಿಧಿಯಿಂದ ಮನೆಯ ಕಾರಣಕ್ಕೆ ಭಾಗಶಃ ಹಣ ತೆಗೆಯುವ ಅವಕಾಶವಿದೆ. ಅದು ನಿಮ್ಮದೇ ಹಣ, ವಾಪಸ್ ಕಟ್ಟಬೇಕಾಗಿಲ್ಲ. ಶೌಚಾಲಯವೇ ಇಲ್ಲದ ಹಳ್ಳಿ ಮನೆಯಾದರೆ ಸ್ವಚ್ಛ ಭಾರತ್‌ನ 12,000 ರೂಪಾಯಿಗೆ ಅರ್ಹತೆ ಕೇಳಿ ನೋಡಿ.

ಬ್ಯಾಂಕಿನಲ್ಲಿ ಕೇಳುವಾಗ "ಪರ್ಸನಲ್ ಲೋನ್" ಎನ್ನಬೇಡಿ, "ಮನೆ ದುರಸ್ತಿ ಸಾಲ" ಎಂದೇ ಕೇಳಿ. ಆಸ್ತಿ ಅಡಮಾನವಿರುವ ದುರಸ್ತಿ ಸಾಲದ ಬಡ್ಡಿ ಸಾಮಾನ್ಯವಾಗಿ ಗಣನೀಯವಾಗಿ ಕಡಿಮೆ. ಇಂಜಿನಿಯರ್ ಸಹಿಯ ಎಸ್ಟಿಮೇಟ್, ಖಾತೆ, ಕಂದಾಯ ರಸೀದಿ, ಋಣಭಾರ ಪ್ರಮಾಣಪತ್ರ ಕೇಳುತ್ತಾರೆ. ಮಣ್ಣಿನ ಗೋಡೆಯ ಮನೆಗೆ ಮೌಲ್ಯವೇ ಇಲ್ಲ ಎಂದು ಬರೆಯುವ ಮೌಲ್ಯಮಾಪಕರು ಸಿಗುತ್ತಾರೆ. ಆಗ ಜಾಗದ ಬೆಲೆಯ ಮೇಲೆ ಸಾಲ ಕೇಳಬೇಕು, ಇಲ್ಲವೇ ಸಹಕಾರಿ ಬ್ಯಾಂಕಿನ ಕಡೆ ತಿರುಗಬೇಕು. ಐವತ್ತು ಸಾವಿರ, ಒಂದು ಲಕ್ಷದ ಕೆಲಸಕ್ಕೆ ಇಷ್ಟೆಲ್ಲ ಓಡಾಟ ಬೇಡ, ಮನೆಯ ಹೆಂಗಸರ ಸ್ವಸಹಾಯ ಸಂಘದ ಸಾಲವೋ ಚಿನ್ನದ ಸಾಲವೋ ಸಾಕು. ಆದರೆ ಚಿನ್ನದ ಸಾಲ ತೀರಿಸುವ ತಿಂಗಳು ಯಾವುದು ಎಂದು ಮೊದಲೇ ಗೊತ್ತಿರಬೇಕು. ಅಡಕೆ ಬಂದಾಗಲೋ, ಭತ್ತ ಮಾರಿದಾಗಲೋ.

ಆದಾಯ ತೆರಿಗೆ ಕಟ್ಟುವವರು ಒಂದನ್ನು ಗಮನಿಸಿ. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ, ತಾವೇ ವಾಸವಿರುವ ಮನೆಯ ರಿಪೇರಿಗೆ ಮಾಡಿದ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ಹೊಸ ಮನೆಗೆ ಸಿಗುವ 2 ಲಕ್ಷದ ಮಿತಿ ಇಲ್ಲಿಗೆ ಅನ್ವಯಿಸುವುದಿಲ್ಲ.

ಪಾರಂಪರಿಕ ಮನೆಗೆಂದೇ ಅನುದಾನ ಇದೆಯಂತಲ್ಲ ಎಂದು ಬಹಳ ಮಂದಿ ಕೇಳುತ್ತಾರೆ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಹೆಸರು ಕೇಳಿ ಬಂದವರಿರುತ್ತಾರೆ. ಅದರ ದುಡ್ಡು ಮುಖ್ಯವಾಗಿ ಹೋಗುವುದು ಸಂರಕ್ಷಿತ ಸ್ಮಾರಕಗಳಿಗೆ, ನಮ್ಮ ನಿಮ್ಮ ಜಗಲಿಗೆ ಅಲ್ಲ. ಪರಂಪರೆ ಉಳಿಸಲು 1984ರಿಂದ ಇರುವ ಇಂಟ್ಯಾಕ್ ಸಂಸ್ಥೆಯ ಘಟಕಗಳು ಬೆಂಗಳೂರು, ಮೈಸೂರು ಮೊದಲಾದ ಕಡೆ ಇವೆ. ಅಲ್ಲಿ ದುಡ್ಡು ನಿರೀಕ್ಷಿಸಬೇಡಿ, ಬುದ್ಧಿ ಕೇಳಿ. ಸುಣ್ಣದ ಕೆಲಸ ಬಲ್ಲ ವಾಸ್ತುಶಿಲ್ಪಿ, ಮೇಸ್ತ್ರಿಗಳ ಪರಿಚಯ ಸಿಕ್ಕರೆ ಅದೇ ಸಾವಿರಾರು ರೂಪಾಯಿ ಉಳಿಸುತ್ತದೆ. ದೊಡ್ಡ ಮನೆ ಇದ್ದು ನೀವೂ ಅಲ್ಲೇ ವಾಸವಿದ್ದರೆ ಎರಡು ಕೋಣೆಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಿ ದುರಸ್ತಿಯ ದುಡ್ಡು ಮನೆಯಿಂದಲೇ ದುಡಿಸಬಹುದು. ಮನೆಯ ವಯಸ್ಸಾದವರನ್ನು ಕೇಳದೆ ಮಾತ್ರ ಇದಕ್ಕೆ ಕೈಹಾಕಬೇಡಿ.

4. ಹತ್ತಿರ ಸ್ಮಾರಕವಿದೆಯೇ?

ಬಾದಾಮಿ, ಐಹೊಳೆ, ಹಂಪಿ, ಶ್ರೀರಂಗಪಟ್ಟಣ, ವಿಜಯಪುರ, ಬೀದರ್ ಕಡೆಯವರಿಗೆ ಈ ಹೆಜ್ಜೆ. ಉಳಿದವರು ದಾಟಿಕೊಂಡು ಹೋಗಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪ್ರಾಚೀನ ಸ್ಮಾರಕಗಳ ಕುರಿತ 2010ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅಂದರೆ ಇಲ್ಲಿ ಕೆಡವಿದವನು ಕೆಟ್ಟ: ಹಳೆ ಮನೆ ಹೋದರೆ ಆ ಜಾಗದಲ್ಲಿ ಮತ್ತೆ ಕಟ್ಟುವುದು ಕನಸು. ಮನೆ ಆಗಲೇ ಇತ್ತು ಎಂದು ತೋರಿಸುವ ಹಳೆ ಕಂದಾಯ ರಸೀದಿ, ವಿದ್ಯುತ್ ಬಿಲ್ಲು, ಕ್ರಯಪತ್ರ ಜೋಪಾನವಾಗಿಡಿ. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹಂಪಿ ಪ್ರದೇಶಕ್ಕೆ ಇದರ ಜೊತೆ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಮೈಸೂರಿನವರು ತಮ್ಮ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂದು ಪಾಲಿಕೆಯಲ್ಲಿ ವಿಚಾರಿಸಿಕೊಳ್ಳಿ.

5. ಎಸ್ಟಿಮೇಟು ಮತ್ತು ಮೇಸ್ತ್ರಿ

"ಒಟ್ಟು ಮನೆ ಎಷ್ಟಾಗುತ್ತೆ?" ಎಂದು ಕೇಳಬೇಡಿ. ಹಳೆ ಮನೆಗೆ ಚದರಡಿ ಲೆಕ್ಕ ಹೊಂದುವುದಿಲ್ಲ, ಹೆಂಚು ತೆಗೆದ ಮೇಲೇ ಮರದ ಸ್ಥಿತಿ ಗೊತ್ತಾಗುವುದು. ಮಾಡು (ಚಾವಣಿ), ಗೋಡೆ, ನೆಲ, ವೈರಿಂಗ್ ಎಂದು ನಾಲ್ಕು ಭಾಗ ಮಾಡಿ ಬೇರೆ ಬೇರೆ ಅಂದಾಜು ಬರೆಸಿ. ಪ್ರತಿಯೊಂದಕ್ಕೂ ಐದನೇ ಒಂದು ಪಾಲು ಹೆಚ್ಚು ಇಟ್ಟುಕೊಳ್ಳಿ. ಮರದ ಕೆಲಸವನ್ನು ಗುತ್ತಿಗೆಗಿಂತ ದಿನಗೂಲಿಗೆ ಕೊಡುವುದು ಲೇಸು ಎಂದು ನನ್ನ ಅನಿಸಿಕೆ. ಗುತ್ತಿಗೆಯವನಿಗೆ ಹಳೆ ಪಕಾಸು (ಮಾಡಿನ ಇಳಿಜಾರು ಮರ) ಉಳಿಸುವುದರಲ್ಲಿ ಲಾಭವಿಲ್ಲ.

ಮೇಸ್ತ್ರಿಯನ್ನು ಪರೀಕ್ಷೆ ಮಾಡಲು ಒಂದೇ ಪ್ರಶ್ನೆ ಸಾಕು: "ಈ ಮಣ್ಣಿನ ಗೋಡೆಗೆ ಏನು ಹೊಡಿತೀರಿ?" ಸಿಮೆಂಟ್ ಎಂದರೆ ಕಾಫಿ ಕೊಟ್ಟು ಕಳಿಸಿ. ನಾನು ಕೈಸುಟ್ಟುಕೊಂಡ ಮೊದಲ ಸಲ ಇದೇ. ಹಿತ್ತಿಲ ಗೋಡೆಗೆ ಚೆಂದವಾಗಿ ಸಿಮೆಂಟ್ ಗಿಲಾಯಿ ಮಾಡಿಸಿದೆ. ಮೂರನೇ ಮಳೆಗಾಲಕ್ಕೆ ಗಿಲಾಯಿ ಹಪ್ಪಳದ ಹಾಗೆ ಎದ್ದು ಬಂತು, ಹಿಂದಿನ ಮಣ್ಣು ಹಿಟ್ಟಾಗಿತ್ತು. ಮಣ್ಣಿನ ಗೋಡೆ ಬುಡದಿಂದ ತೇವ ಎಳೆದು ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟು ಆ ಮೈ ಮುಚ್ಚಿಬಿಡುತ್ತದೆ, ಒಳಗಿನ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಆಗ ಪಕ್ಕದೂರಿನ ಮುದುಕ ಗಾರೆಯವರೊಬ್ಬರು ಬಂದು ಗೋಡೆ ತಟ್ಟಿ ನೋಡಿ, "ಅಯ್ಯಾ, ಮಳೆಗಾಲದಾಗೆ ಇದಕ್ಕೆ ಪ್ಲಾಸ್ಟಿಕ್ ಅಂಗಿ ಹಾಕೀರಲ್ಲ, ಬೆವರಿ ಸತ್ತೈತೆ" ಎಂದರು. ಅವರಿಂದಲೇ ಸುಣ್ಣದ ಗಾರೆ ಕಲಿತೆ.

ಅಂದ ಹಾಗೆ, 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿ ಗಾರೆಯವರೂ ಬಡಗಿಗಳೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲ. ನಿಮ್ಮ ಮೇಸ್ತ್ರಿಗೆ ಗೊತ್ತಿಲ್ಲದಿದ್ದರೆ ತಿಳಿಸಿ.

6. ಕೆಲಸದ ಕ್ರಮ

ಮೊದಲು ಮಾಡಿನ ಕೆಲಸ. ದುಡ್ಡು ಅಲ್ಲಿಗೇ ಮುಗಿದರೆ ಅಲ್ಲಿಗೇ ನಿಲ್ಲಿಸಿ. ನೆಲಕ್ಕೆ ಟೈಲ್ಸ್ ಹಾಕಿಸಿ ಮಾಡು ಸೋರುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹೆಂಚನ್ನು ಒಂದು ಮಗ್ಗುಲು ಪೂರ್ತಿ ಇಳಿಸಿ, ಬ್ರಷ್‌ನಿಂದ ಪಾಚಿ ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಣಗಣ ಎಂದರೆ ಇರಲಿ, ಮಂಕು ಸದ್ದಾದರೆ ಬಿರುಕಿದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮೊದಲ ಕಾರ್ಖಾನೆ ಹಾಕಿದ ಮೇಲೆ ಕರಾವಳಿ ತುಂಬ ಹೆಂಚಿನ ಕಾರ್ಖಾನೆಗಳಾದವು, ಒಂದೊಂದರ ಅಚ್ಚು ಒಂದೊಂದು ಥರ. ಒಂದರ ಹೆಂಚು ಇನ್ನೊಂದರ ತೋಡಿಗೆ ಕೂರುವುದಿಲ್ಲ, ಸಂದಿನಲ್ಲಿ ನೀರು ಇಳಿಯುತ್ತದೆ. ಹೆಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಒಂದು ಹೆಂಚು ಕೈಯಲ್ಲಿ ಹಿಡಿದುಕೊಂಡೇ ಹಳೆ ಸಾಮಾನಿನ ಅಂಗಡಿಗೆ ಹೋಗಿ, ಜೋಡಿಸಿ ನೋಡಿ ಕೊಳ್ಳಿ. ನೂರು ಚದರ ಅಡಿಗೆ ಸುಮಾರು 150 ಹೆಂಚು ಬೇಕು. ಬೇರೆ ಅಚ್ಚಿನವು ಸೇರಲೇಬೇಕಾದರೆ ಒಂದು ಮಗ್ಗುಲಿಗೆ ಒಂದೇ ಜಾತಿ ಬರುವಂತೆ ಹಂಚಿ. ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯಲ್ಲಿ ಉಳಿತಾಯ ಮಾಡಬೇಡಿ. ಮನೆಯ ಅತಿ ಹೆಚ್ಚು ನೀರು ಹರಿಯುವುದು ಅಲ್ಲೇ.

ಮರದಲ್ಲಿ ಪೂರ್ತಿ ತೊಲೆ ಬದಲಿಸುವ ಸಂದರ್ಭ ಕಡಿಮೆ. ಗೋಡೆಯೊಳಗೆ ಕೂತ ತುದಿ ಮಾತ್ರ ಕೊಳೆತಿರುತ್ತದೆ. ಆ ತುದಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರ ಜೋಡಿಸಿ ಬೋಲ್ಟ್ ಹಾಕಬಲ್ಲ ಬಡಗಿ ಸಿಕ್ಕರೆ ಸಾಕು. ಮರ ಬೇಕಾದರೆ ಕೆಡವುತ್ತಿರುವ ಮನೆಗಳಲ್ಲಿ ವಿಚಾರಿಸಿ. ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದ್ದಾರೆ. ಹಳೆ ಮರದ ಕೂಡುಗಳನ್ನು ಬಿಚ್ಚಿ ಜೋಡಿಸಲು ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಡಗಿಯನ್ನೂ ಕರೆದುಕೊಂಡು ಒಮ್ಮೆ ಹೋಗಿಬನ್ನಿ.

ಗೋಡೆಗೆ ಬರೋಣ. ಸಿಮೆಂಟ್ ಗಿಲಾಯಿ ಇದ್ದರೆ ಕೆಳಗಿನ ಮೂರಡಿಯಾದರೂ ಕಿತ್ತು, ಒಂದು ಬೇಸಿಗೆ ಹಾಗೇ ಆರಲು ಬಿಡಿ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಎರಡು ವಾರವಾದರೂ ನೀರಿನಡಿ ನೆನೆದ ಸುಣ್ಣ ಬೆಣ್ಣೆಯಂತಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು, ಅದರಲ್ಲಿ ಸ್ವಲ್ಪ ಇಟ್ಟಿಗೆ ಪುಡಿ. ನಮ್ಮ ಗಾರೆಯವರು ಬೆಲ್ಲ ಮತ್ತು ಅಳಲೆಕಾಯಿ ಕೊಳೆಹಾಕಿದ ನೀರು ಬೆರೆಸುತ್ತಿದ್ದರು. ಹೊಡೆದ ಮೇಲೆ ಗೋಣಿ ಕಟ್ಟಿ ಹತ್ತು ದಿನ ತೇವ ಉಳಿಸಬೇಕು. ಈ ಕೆಲಸಕ್ಕೆ ಮಳೆ ಮುಗಿದ ಮೇಲಿನ ನವೆಂಬರ್, ಡಿಸೆಂಬರ್ ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ಬೇಗ ಒಣಗಿ ಕೂದಲೆಳೆಯಂಥ ಬಿರುಕು ಬರುತ್ತವೆ. ನಾನು ಎರಡನೇ ಸಲ ಕೈಸುಟ್ಟುಕೊಂಡಿದ್ದು ಅಲ್ಲಿ. ಮೇಲೆ ಬಳಿಯುವುದೂ ಸುಣ್ಣವೇ ಆಗಲಿ, ಪ್ಲಾಸ್ಟಿಕ್ ಪೇಂಟ್ ಬಳಿದರೆ ಮತ್ತೆ ಅದೇ ಅಂಗಿ.

ವೈರಿಂಗ್ ಬಗ್ಗೆ ಎರಡೇ ಮಾತು. ಅಟ್ಟದ ಮರಕ್ಕೆ ಮೊಳೆ ಹೊಡೆದು ಎಳೆದ ಹಳೆ ವೈರು ಪೂರ್ತಿ ತೆಗೆಸಿ, ಪೈಪಿನೊಳಗೆ ಹೊಸದು ಎಳೆಸಿ, ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದರೆ ತಾನೇ ಕಡಿಯುವ ಬ್ರೇಕರ್ ಹಾಕಿಸಿ. ನೆಲ, ಬಣ್ಣ, ಕೆತ್ತನೆಯ ಬಾಗಿಲಿನ ಪಾಲಿಷ್ ಇವೆಲ್ಲ ಉಳಿದ ದುಡ್ಡಿನ ಮಾತು.

ಬಿಲ್ಲು, ಕೂಲಿಯ ಲೆಕ್ಕ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋ ಎಲ್ಲವೂ ಆ ನೋಟ್ ಪುಸ್ತಕಕ್ಕೇ ಹೋಗಲಿ. ಬ್ಯಾಂಕು ಎರಡನೇ ಕಂತು ಬಿಡುವಾಗ, ಪಾಲಿನ ಮಾತು ಬಂದಾಗ ಅದನ್ನೇ ಮುಂದಿಡುತ್ತೀರಿ. ಕೊನೆಯ ಪುಟದಲ್ಲಿ ಯಾವ ಮಗ್ಗುಲಿಗೆ ಯಾವ ಕಾರ್ಖಾನೆಯ ಹೆಂಚು ಹೊದಿಸಿದ್ದೀರಿ ಎಂದು ಬರೆದು, ಪ್ರತಿಯೊಂದರಲ್ಲೂ ಇಪ್ಪತ್ತು ಹೆಂಚು ಕೊಟ್ಟಿಗೆಯ ಮೂಲೆಯಲ್ಲಿ ಒಟ್ಟಿಡಿ. ಹೆಂಚು ಒಡೆಯುವ ಮಂಗ ಬರುವುದು ಹೇಳಿ ಕೇಳಿ ಅಲ್ಲ.